‘ನಿಮಗೆ’ ಎಂಬ ಕ್ಯಾಸೆಟ್ಟು

ಟೈಪಿಂಗ್ ಮೇಷ್ಟರ ಗ್ರಹಚಾರ ಅಂದು ಬೆಳಗ್ಗೆ ಅಟ್ಟದಿಂದ ಇಳಿಯಿತು. ಕೊಡೆ ಹುಡುಕಲು ಹತ್ತಿದವರಿಗೆ ಹೆಂಡತಿಯ ಹಳೇ ಕಂಪ್ಯೂಟರು ಸಿಕ್ಕಿತು. ಕಂಪ್ಯೂಟರು ಬಂದ ಮನೆಯನ್ನು ಬೀದಿಗೆ ಬೀದಿಯೇ ಇಣುಕಿ ನೋಡುತ್ತಿದ್ದ ಕಾಲದ್ದು ಅದು. ಕೀಲಿಮಣೆಯೇ ಇಡೀ ಯಂತ್ರ. ಪರದೆಗೆ ಮನೆಯ ಟಿ.ವಿ., ಬರೆದದ್ದನ್ನು ಉಳಿಸಲು ಹಾಡಿನ ಕ್ಯಾಸೆಟ್ಟೇ ಗತಿ. ಜೊತೆಗಿದ್ದ ಕ್ಯಾಸೆಟ್ಟಿನ ಮೇಲೆ ಆಕೆಯ ಅಕ್ಷರದಲ್ಲಿ ‘ನಿಮಗೆ’ ಎಂದಿತ್ತು.

ಆಕೆ ತೀರಿಕೊಂಡು ಮೂರು ವರ್ಷ. ಇದ್ದಾಗ ಏನೋ ಬರೆದಿದ್ದೀನಿ, ಬಂದು ನೋಡಿ ಎಂದು ಕರೆದಾಗಲೆಲ್ಲ ಮೇಷ್ಟರಿಗೆ ಯಾರದೋ ಅರ್ಜಿ ಟೈಪು ಮಾಡುವ ಅವಸರ. ಈಗ ಬೇಕಾದಷ್ಟು ಪುರುಸೊತ್ತು, ಕರೆಯುವವರಿಲ್ಲ. ಆಕೆಯ ಒಂದೇ ಒಂದು ಮಾತಾದರೂ ಇದರಲ್ಲಿ ಸಿಕ್ಕೀತು ಎಂದು ಜೀವ ಹಂಬಲಿಸಿತು.

ಟೇಪ್‌ರೆಕಾರ್ಡರಿನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಹಾಗೆ ಸಿಕ್ಕಿಸಿದರೆ ಸದ್ದು ಹೊರಗೆ ಬಾರದು, ಎಲ್ಲವೂ ಕಂಪ್ಯೂಟರಿನ ಕಿವಿಗೇ. ಹತ್ತು ನಿಮಿಷ ಕಾದರೂ ಪರದೆಯ ಮೇಲೆ ‘ಎರರ್’ ಬಿಟ್ಟು ಬೇರೇನೂ ಮೂಡಲಿಲ್ಲ. ಪಕ್ಕದ ಮನೆಯ ದರ್ಜಿ ಕರೆಯದೆಯೇ ಬಂದು ಟಿ.ವಿ. ನೆತ್ತಿಗೆ ಎರಡು ಬಿಟ್ಟ. ಹೊಲಿಗೆ ಮಿಷನ್ನಿಗೆ ಹಿಡಿಸಿದ್ದು ಇದಕ್ಕೆ ಹಿಡಿಸುವುದಿಲ್ಲವೇ ಎಂದು ಟೇಪ್‌ರೆಕಾರ್ಡರಿಗೆ ನಾಲ್ಕು ಹನಿ ಎಣ್ಣೆಯನ್ನೂ ಬಿಟ್ಟ. ಅಲ್ಲಿಯವರೆಗೆ ತಿರುಗುತ್ತಿದ್ದದ್ದೂ ನಿಂತಿತು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತಂತೆ.

ಮೇಷ್ಟರು ಟೇಪ್‌ರೆಕಾರ್ಡರನ್ನೂ ಕ್ಯಾಸೆಟ್ಟನ್ನೂ ಎದೆಗವಚಿಕೊಂಡು ರೇಡಿಯೊ ರಿಪೇರಿಯವನ ಅಂಗಡಿಗೆ ಓಡಿದರು. ಹೇಗಾದರೂ ಮಾಡಿ ಈ ಕ್ಯಾಸೆಟ್ಟು ಕಂಪ್ಯೂಟರಿಗೆ ಹತ್ತುವಂತೆ ಮಾಡಪ್ಪ ಎಂದು ಅಂಗಲಾಚಿದರು. ಅವರ ಮುಖ ನೋಡಿ ಪಾಪ ಅನ್ನಿಸಿ ಅವನು ಉಳಿದ ಕೆಲಸವನ್ನೆಲ್ಲ ಬದಿಗಿಟ್ಟ.

ಸಂಜೆ ಅವನೇ ಮನೆಗೆ ತಂದು ಹಚ್ಚಿದ. ಪರದೆಯ ಮೇಲೆ ಹಸಿರು ಹಾವೊಂದು ಮೂಡಿ, ಚುಕ್ಕೆ ನುಂಗುತ್ತಾ ಹರಿದಾಡಿತು. ಯಾವುದೋ ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮು ನೋಡಿ ಆಕೆ ಟೈಪು ಮಾಡಿದ್ದ ಆಟ. ಕೊನೆಯವರೆಗೆ ಕಾದರೂ ಆಕೆಯದೆಂಬ ಒಂದಕ್ಷರ ಬರಲಿಲ್ಲ.

“ಇಷ್ಟೇನಾ?” ಎಂದರು ಮೇಷ್ಟರು.

“ಇಷ್ಟೇ ಸಾರ್. ಎಣ್ಣೆ ತೆಗೆದೆ, ಟೇಪು ಓದೋ ಹೆಡ್ಡೂ ಕೊಳೆಯಾಗಿತ್ತು, ಒರೆಸಿದೆ, ಸರಿಹೋಯ್ತು. ಮೊದಲಲ್ಲಿ ಒಬ್ರು ಹೆಂಗಸು ಎರಡು ನಿಮಿಷ ಮಾತಾಡಿದ್ರು. ಕಂಪ್ಯೂಟರಿಗೆ ಗಲಿಬಿಲಿ ಆಗೋದು ಬೇಡ ಅಂತ ಅದನ್ನ ಅಳಿಸ್ಬಿಟ್ಟೆ.”

ಮೇಷ್ಟರು ಅವನ ತೋಳು ಹಿಡಿದುಕೊಂಡರು. “ಏನು ಹೇಳಿದ್ಲು?”

“ಕೇಳಿಸ್ಕೊಳ್ಳಲಿಲ್ಲ ಸಾರ್. ಗಂಡನ ಹತ್ರ ಮಾತಾಡೋ ಹಾಗಿತ್ತು. ಬೇರೆಯವರು ಕೇಳಬಾರದು ಅಂತ ಸೌಂಡು ಇಳಿಸಿಬಿಟ್ಟೆ.”

ಅಷ್ಟು ಒಳ್ಳೆಯವನನ್ನು ಬಯ್ಯುವುದಾದರೂ ಹೇಗೆ? ಮೇಷ್ಟರು ಅವನಿಗೆ ಕುರ್ಚಿ ತೋರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ಹೊರಗೆ ದರ್ಜಿ ಆಗಲೇ ಹಾವಾಡಿಸಲು ಕೂತಿದ್ದ.