ತಕರಾರಿನ ನೌಕರಿ

ಕಾಲುವೆಯ ನೀರು ಗದ್ದೆಗಳಿಗೆ ಬಂದ ಕೆಲವು ವರ್ಷಗಳ ನಂತರ, ಸಿಂಧನೂರು–ಮಸ್ಕಿ ನಡುವಿನ ಕಾಟನಹಾಳ ಪಟ್ಟಣ ಪಂಚಾಯ್ತಿಯ ಆಡಳಿತದಲ್ಲಿ ಗಂಭೀರವಾದ ಕೊರತೆಯೊಂದು ಕಂಡುಬಂದಿತು. ಊರಿನಲ್ಲಿ ತಕರಾರುಗಳೇ ಇರಲಿಲ್ಲ.

ಸೌಕರ್ಯಗಳು ಇದ್ದವು ಎಂದು ಇದರ ಅರ್ಥವಲ್ಲ. ಜನ ಹೇಳುವುದನ್ನು ಬಿಟ್ಟಿದ್ದರು. ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಪ್ರತಿ ಪಂಚಾಯ್ತಿ ತಿಂಗಳಿಗೆ ಇಪ್ಪತ್ತು ತಕರಾರುಗಳನ್ನು ಸ್ವೀಕರಿಸಿ, ಆ ತಿಂಗಳಲ್ಲೇ ಪರಿಹರಿಸತಕ್ಕದ್ದು. ಗುರಿ ಮುಟ್ಟದ ಸೆಕ್ರೆಟರಿಯನ್ನು ವರ್ಗ ಮಾಡತಕ್ಕದ್ದು. ಸೆಕ್ರೆಟರಿ ಕರಿಬಸಯ್ಯನವರು ಆಗಷ್ಟೇ ಕಾಲುವೆ ಬದಿಗೆ ಒಳ್ಳೆಯ ಗದ್ದೆ ಹಿಡಿದಿದ್ದರು. ನಾಟಿಯೂ ಮುಗಿದಿತ್ತು. ಹೀಗಾಗಿ ವರ್ಗಾವಣೆ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಅವರಿಗೆ ಮನವರಿಕೆಯಾಯಿತು.

ಊರಲ್ಲಿ ಇನ್ನೂ ತಕರಾರು ಹೇಳುತ್ತಿದ್ದವನು ಒಬ್ಬನೇ, ಕುಂಬಾರ ಓಣಿಯ ಕೂಲಿಕಾರ ಮುದುಕಪ್ಪ. ಓಣಿಯ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದು ಅವನ ತಕರಾರು. ಅಲ್ಲಿಯತನಕ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದ ಅವನನ್ನು ಕರಿಬಸಯ್ಯನವರು ಕರೆಸಿ ಕುರ್ಚಿ ಕೊಟ್ಟರು.

"ಎಷ್ಟ ದಿನದಿಂದ ತಕರಾರು ಹೇಳಾಕತ್ತೀ ಮುದುಕಪ್ಪ?"

"ನಲ್ಲಿ ನೆಟ್ಟಾಗಿಂದ್ರಿ."

"ಇಷ್ಟು ಅನುಭವ ಈ ಊರಾಗ ಮತ್ಯಾರಿಗೂ ಇಲ್ಲ. ನಿನಗ ಪಂಚಾಯ್ತಿ ನೌಕರಿ ಕೊಡತೈತಿ."

ಹೀಗೆ ಮುದುಕಪ್ಪ ಹಂಗಾಮಿ ತಕರಾರುಗಾರನಾಗಿ ನೇಮಕಗೊಂಡನು. ಊಟಕ್ಕೆ ಮುಂಚೆ ತಕರಾರು ಹೇಳುವುದು, ಊಟವಾದ ಮೇಲೆ ಸಮಾಧಾನ ವ್ಯಕ್ತಪಡಿಸುವುದು ಅವನ ಕರ್ತವ್ಯ. ಮೊದಲ ದಿನ ಕಚೇರಿಯ ಬಾಗಿಲು ಕಿರುಗುಡುತ್ತದೆ ಎಂದ, ಎಣ್ಣೆ ಹಾಕಲಾಯಿತು. ಮರುದಿನ ಪಂಚಾಯ್ತಿ ಕಟ್ಟೆಯ ಮೇಲೆ ಆಡು ಮಲಗಿದೆ ಎಂದ, ಎಬ್ಬಿಸಲಾಯಿತು. ಆಡು ಮತ್ತೆ ಬಂದು ಮಲಗಿತು; ಅದು ಹೊಸ ತಕರಾರಾಯಿತು. ಆಡು ಅಧ್ಯಕ್ಷರದೇ ಆದ್ದರಿಂದ ಅದರ ಸಹಕಾರ ಪೂರ್ಣವಾಗಿ ದೊರೆಯಿತು.

ಮುದುಕಪ್ಪನ ಹೆಂಡತಿ ಗಿರಿಯಮ್ಮನಿಗೆ ಮಾತ್ರ ಈ ಪ್ರಗತಿ ಹಿಡಿಸಲಿಲ್ಲ. ದಿನವೂ ಬೆಳಗಾಗುವ ಮುಂಚೆ ಕೊಡ ಹಿಡಿದು ಓಣಿಯ ಹೆಂಗಸರೊಡನೆ ನಲ್ಲಿಯ ಮುಂದೆ ಕೂತು, ನೀರು ಬರಲಿಲ್ಲವೆಂಬುದು ಖಾತ್ರಿಯಾದ ಮೇಲೆ ಕಾಲುವೆಗೆ ಹೋಗುತ್ತಿದ್ದಳು.

"ಆಡಿನ ತಕರಾರು ಹೇಳಾಕ ಬಾಯಿ ಐತಿ. ನಲ್ಲೀದು ಹೇಳಾಕ ಇಲ್ಲೇನು?" ಎಂದಳು.

ಮುದುಕಪ್ಪನಿಗೆ ನಾಚಿಕೆಯಾಯಿತು. ಮರುದಿನ ಸೆಕ್ರೆಟರಿಯವರ ಮುಂದೆ ಬಾಯಿ ಬಿಟ್ಟ.

"ನೀ ಈಗ ಪಂಚಾಯ್ತಿ ಮನುಷ್ಯಾ. ಪಂಚಾಯ್ತಿ ಮ್ಯಾಲ ಪಂಚಾಯ್ತೀನ ತಕರಾರು ಮಾಡಾಕ ಬರಂಗಿಲ್ಲ," ಎಂದು ಕರಿಬಸಯ್ಯನವರು ನಿಯಮ ತಿಳಿಸಿದರು.

ಗಿರಿಯಮ್ಮ ಖಾಲಿ ಕೊಡ ಹಿಡಿದು ತಾನೇ ಕಚೇರಿಗೆ ಬಂದಳು.

"ತಕರಾರು ಏನಿದ್ದರೂ ತಕರಾರುಗಾರನ ಕೈಲೆ ಬರಬೇಕವ್ವ."

"ಅವ ನನ್ನ ಗಂಡ ಅದಾನ್ರಿ."

"ಹಂಗಾದ್ರ ನಿನಗ ಅನುಕೂಲಾತು."

ಆ ಸಂಜೆ ಗಿರಿಯಮ್ಮ ರೊಟ್ಟಿ ಬಡಿದು, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತಕರಾರು ತಗೊಂಡ ಮೇಲೆ ರೊಟ್ಟಿ ಎಂದಳು. ಇಡೀ ದಿನ ಪಂಚಾಯ್ತಿ ಸೇವೆ ಮಾಡಿ ಹಸಿದಿದ್ದ ಮುದುಕಪ್ಪ ಕೊನೆಗೂ ತಗೊಂಡ. ಮರುದಿನ ಬೆಳಿಗ್ಗೆ, ಹೆಂಡತಿಯ ತಕರಾರಾದ್ದರಿಂದ ಅದು ಪಂಚಾಯ್ತಿಯ ತಕರಾರಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಳ್ಳುತ್ತ ಕಚೇರಿಗೆ ಹೋದ.

ಅಂದು ತಿಂಗಳ ಕೊನೆಯ ದಿನ. ಗುರಿಗೆ ಇನ್ನೊಂದೇ ತಕರಾರು ಬಾಕಿ. ಆಡು ಮರಿ ಹಾಕಿ ಮನೆಯಲ್ಲಿತ್ತು. ಮೇಲಧಿಕಾರಿ ಲಿಂಗಸುಗೂರಿನ ಬಸ್ಸಿಗೆ ಮಧ್ಯಾಹ್ನ ಬರುವವರಿದ್ದರು. ಕರಿಬಸಯ್ಯನವರು ತಕರಾರನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ಕೊಳಾಯಿ ಕೆಲಸದ ರಹಮಾನಸಾಬನನ್ನು ಕರೆಸಿದರು. ಅವನು ನಲ್ಲಿಯ ಬುಡ ಅಗೆದು ನೋಡಿದ.

"ಒಳಗ ಪೈಪೇ ಇಲ್ರಿ ಸಾಹೇಬ್ರ. ನಲ್ಲಿ ಬರೇ ನೆಟ್ಟಾರ."

"ಪೈಪ್ ಹಾಕಾಕ?"

"ಬಾಳ ದಿನ ಹಿಡಿತೈತ್ರಿ."

"ನಲ್ಲಿ ಕೀಳಾಕ?"

ರಹಮಾನಸಾಬ ಅವರ ಮುಖ ನೋಡಿದ. "ಈಗ ಕೀಳಬೌದ್ರಿ," ಎಂದ.

ನಲ್ಲಿ ಇಲ್ಲದ ಮೇಲೆ ನಲ್ಲಿಯಲ್ಲಿ ನೀರಿಲ್ಲವೆಂಬ ತಕರಾರಿಗೆ ಆಧಾರ ಉಳಿಯುವುದಿಲ್ಲ. ಬಸ್ಸು ಬರುವಷ್ಟರಲ್ಲಿ ಗುಂಡಿ ಮುಚ್ಚಿ ಮೇಲೆ ನೀರು ಚಿಮುಕಿಸಲಾಗಿತ್ತು. ಅಧಿಕಾರಿಗಳು ಓಣಿಗೇ ಬಂದು ವಿಚಾರಿಸಿದರು.

"ನಲ್ಲಿಯಲ್ಲಿ ನೀರು ಬರುವುದಿಲ್ಲ ಅಂತ ಈಗಲೂ ತಕರಾರು ಇದೆಯೇನಮ್ಮ?"

ಗಿರಿಯಮ್ಮ ಒದ್ದೆ ಮಣ್ಣು ನೋಡಿದಳು. ಗಂಡನನ್ನು ನೋಡಿದಳು. ಅವನು ಊಟವಾಗಿದ್ದರಿಂದ ಸಮಾಧಾನ ವ್ಯಕ್ತಪಡಿಸುತ್ತಿದ್ದ.

"ಯಾವ ನಲ್ಲ್ಯಾಗ್ರಿ?" ಎಂದಳು.

ಇಷ್ಟು ಸಂಪೂರ್ಣವಾದ ಪರಿಹಾರವನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಅಧಿಕಾರಿಗಳು ಮೆಚ್ಚಿದರು.

ಗಿರಿಯಮ್ಮ ಕೆಲವು ದಿನ ಗಂಡನೊಂದಿಗೆ ಮಾತು ಬಿಟ್ಟಳು. ಆದರೆ ನಲ್ಲಿಯ ಮುಂದೆ ಕಾಯುವುದು ತಪ್ಪಿ, ಕುಂಬಾರ ಓಣಿಯ ಹೆಂಗಸರು ಎದ್ದವರೇ ನೆಟ್ಟಗೆ ಕಾಲುವೆಗೆ ಹೋಗತೊಡಗಿದರು. "ಖರೇ ಹೇಳಬೇಕಂದ್ರ ಒಂದ ತಾಸು ಉಳಿಯಾಕತ್ತೈತಿ," ಎಂದು ಅವಳು ಕಾಲುವೆಯ ದಂಡೆಯಲ್ಲಿ ಒಪ್ಪಿಕೊಂಡಳು. ಮಾತು ಹಬ್ಬಿತು. ಉಳಿದ ಓಣಿಗಳವರೂ ನೀರು ಬಾರದ ತಮ್ಮ ನಲ್ಲಿ ಕೀಳಿಸಬೇಕೆಂದು ಪಂಚಾಯ್ತಿಗೆ ಬಂದರು. ಮುದುಕಪ್ಪನ ನೌಕರಿ ಕಾಯಂ ಆಯಿತು.

ಇದುವರೆಗೂ ನಲ್ಲಿಯನ್ನೇ ಕಾಣದ ಅಗಸರ ಓಣಿಯವರು ಮಾತ್ರ ತಮಗೆ ಅನ್ಯಾಯವಾಗಿದೆ ಎಂದರು. ಪಂಚಾಯ್ತಿ ಅವರ ಅಹವಾಲನ್ನು ಸಹಾನುಭೂತಿಯಿಂದ ಪರಿಶೀಲಿಸಿದೆ. ಅಲ್ಲಿ ಮೊದಲು ನಲ್ಲಿ ನೆಟ್ಟು, ನಂತರ ಕೀಳಲು ಮಂಜೂರಾತಿ ದೊರೆತಿದ್ದು, ರಹಮಾನಸಾಬ ಕುಣಿ ತೋಡುತ್ತಿದ್ದಾನೆ.