ಚಪ್ಪಡಿ ಕಲ್ಲಿಗೆ ಇತಿಹಾಸ ಒದಗಿಸಿದ್ದು

ಮಳವಳ್ಳಿಯ ಬಸ್ಸು ನಿಲ್ಲುವ ಚೌಕಕ್ಕೆ ೧೯೩೬ರ ಫೆಬ್ರವರಿಯವರೆಗೆ ಇತಿಹಾಸವಿರಲಿಲ್ಲ. ಈ ಕೊರತೆಯಿಂದ ಯಾರಿಗಾದರೂ ತೊಂದರೆಯಾದ ದಾಖಲೆ ಇಲ್ಲ. ಹಲಗೂರಿನ ಬಸ್ಸು ಬರುತ್ತಿತ್ತು, ಕಿರುಗಾವಲಿನದು ತಡವಾಗಿ ಬರುತ್ತಿತ್ತು, ಹೊಂಗೆ ಮರದಡಿಯ ಚಪ್ಪಡಿ ಕಲ್ಲಿನ ಮೇಲೆ ಚಿಕ್ಕಮಾದಮ್ಮ ಕೂತು ಪೊರಕೆ ಮಾರುತ್ತಿದ್ದಳು. ಚೌಕದಲ್ಲಿ ನೆರಳಿದ್ದದ್ದು ಅಲ್ಲೊಂದೇ ಕಡೆ. ಬಸ್ಸಿಗೆ ಕಾಯುವವರು ಅಲ್ಲೇ ಒತ್ತಿಕೊಂಡು ನಿಲ್ಲುತ್ತಿದ್ದರು; ನಿಂತು ಬೇಸರವಾದವರು ಪೊರಕೆ ಕೊಳ್ಳುತ್ತಿದ್ದರು. ಅವಳ ಮನೆಯ ಒಲೆ ಉರಿಯುತ್ತಿದ್ದದ್ದು ಆ ನೆರಳಿನಿಂದ.

ಆ ತಿಂಗಳು ದೊಡ್ಡ ಸಾಹೇಬರೊಬ್ಬರು ಬರುವರೆಂದೂ, ಅವರಿಗೆ ಹಳೆಯ ಚೌಕಗಳೆಂದರೆ ಪ್ರಾಣವೆಂದೂ ಸುದ್ದಿ ಬಂತು. ಚೌಕ ಸುಧಾರಣಾ ಸಮಿತಿ ತುರ್ತಾಗಿ ಸೇರಿ, ಹದಿನೈದು ದಿನದೊಳಗೆ ಇತಿಹಾಸ ಒದಗಿಸತಕ್ಕದ್ದೆಂದು ಕಾರ್ಯದರ್ಶಿ ಪಾರ್ಥಸಾರಥಿಯವರಿಗೆ ಅಪ್ಪಣೆ ಮಾಡಿತು. ಅವರು ಊರೆಲ್ಲ ವಿಚಾರಿಸಿದರು. ಇಲ್ಲಿ ಯುದ್ಧ ನಡೆದಿರಲಿಲ್ಲ. ಯಾವ ರಾಜನೂ ಕುದುರೆಗೆ ನೀರು ಕುಡಿಸಲು ಕೂಡ ನಿಂತಿರಲಿಲ್ಲ. ಕೊನೆಗೆ ಕಲ್ಲಿನ ಬಳಿ ಬಂದರು.

“ಎಷ್ಟು ವರ್ಷದಿಂದ ಕೂರ್ತಿದ್ದೀಯಮ್ಮ ಇಲ್ಲಿ?”

“ಯಾಕ್ ಬುದ್ದಿ, ಎಬ್ಬುಸ್ತೀರಾ?”

“ಛೇ, ಇತಿಹಾಸಕ್ಕೆ.”

“ಅಂಗಾದ್ರೆ ಬರ್ಕಳಿ. ನಮ್ಮತ್ತೆ ಕುಂತಿದ್ಲು, ಅವಳತ್ತೆ ಕುಂತಿದ್ಲು. ಅದ್ಕೂ ಮುಂಚೆ ಕಲ್ಲೊಂದೇ ಕುಂತಿತ್ತು.”

ಪಕ್ಕದಲ್ಲೇ ಇದ್ದ ಜಟಕಾ ಬೋರಯ್ಯ ನಕ್ಕ. “ಬುಕ್ನಾಗೆ ಬತ್ತೀಯಲ್ಲಮ್ಮೋ! ಇನ್ ನಮ್ನೆಲ್ಲ ಮಾತಾಡುಸ್ತೀಯಾ?”

“ಪೊರ್ಕೆ ತಕ್ಕಂಡ್ರೆ ಮಾತಾಡುಸ್ತೀನಿ ಕಣ್ಲಾ.”

ಮೂರು ತಲೆಮಾರು ದೊರೆತದ್ದರಿಂದ ಸಮಿತಿ ಸಂತೋಷಗೊಂಡು, ಮರವೂ ಕಲ್ಲೂ ಸೇರುವಂತೆ ಬೇಲಿ ಹಾಕಿಸಿ, ಹಲಗೆ ನೆಡಿಸಿತು:

“ಚಿಕ್ಕಮಾದಮ್ಮನ ಮನೆತನದವರು ಮೂರು ತಲೆಮಾರಿನಿಂದ ಕೂತು ಪೊರಕೆ ಮಾರುವ ಐತಿಹಾಸಿಕ ಸ್ಥಳ. ಇಲ್ಲಿ ಕೂರುವುದನ್ನೂ ಪೊರಕೆ ಮಾರುವುದನ್ನೂ ನಿಷೇಧಿಸಲಾಗಿದೆ.”

ಓದಿಸಿಕೊಂಡು ಕೇಳಿದ ಚಿಕ್ಕಮಾದಮ್ಮ ಪೊರಕೆ ಹೊರೆ ಹೊತ್ತು ನೇರವಾಗಿ ಕಚೇರಿಗೆ ಹೋದಳು.

“ಆ ಅಲಗೇಲಿರೋಳು ನಾನೇ ಬುದ್ದಿ. ನನ್ನೇ ಒಳೀಕ್ ಬುಡಕಿಲ್ವಾ?”

“ನಿನ್ನನ್ನಂತೂ ಬಿಡಲೇಬಾರದಮ್ಮ,” ಎಂದರು ಪಾರ್ಥಸಾರಥಿ, ಮರುಕದಿಂದಲೇ. “ಬೇರೆಯವರು ಕೂತರೆ ಕಲ್ಲು ಸವೆಯುತ್ತದೆಂದು ನಾವು ಊಹಿಸಬೇಕು. ನಿಮ್ಮ ಮನೆತನದವರು ಸವೆಸಿದ್ದಕ್ಕೆ ದಾಖಲೆಯೇ ಇದೆ.”

“ಬಿಸ್ಲಾಗೆ ಕುಂತ್ರೆ ಯಾರ್ ತಕ್ಕತಾರೆ ಬುದ್ದಿ ಪೊರ್ಕೆಯ? ಒಟ್ಟೆಗೇನ್ ಮಾಡ್ಲಿ?”

ಪಾರ್ಥಸಾರಥಿ ಕಲ್ಲೆದೆಯವರಲ್ಲ. ಅಂದೇ ಠರಾವು ಬರೆದರು: ಐತಿಹಾಸಿಕ ಕಲ್ಲಿನ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬರು ಕಾವಲಿನವರು ಬೇಕು; ಅವರು ಬೇಲಿಯ ಹೊರಗೆ ನಿಂತಿರತಕ್ಕದ್ದು; ಕಲ್ಲಿನ ಬಗ್ಗೆ ಅನುಭವವಿದ್ದವರಿಗೆ ಆದ್ಯತೆ. ಅರ್ಜಿ ಬಂದದ್ದು ಒಂದೇ. ಆಯ್ಕೆ ಸರ್ವಾನುಮತದಿಂದ ನಡೆಯಿತು.

ದೊಡ್ಡ ಸಾಹೇಬರ ಕಾರು ಮದ್ದೂರಿನಿಂದಲೇ ಹಿಂತಿರುಗಿತು. ಠರಾವಿನಲ್ಲಿ ಸಾಹೇಬರ ಪ್ರಸ್ತಾಪವಿರಲಿಲ್ಲವಾದ್ದರಿಂದ ಬೇಲಿ ಉಳಿಯಿತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೋರಯ್ಯ ಬೇಲಿ ದಾಟಿ ಕಲ್ಲಿನ ಮೇಲೆ ಕುಕ್ಕರಿಸಿದ. “ಒಂದ್ ಗಳಿಗೆ ಕಣಮ್ಮ, ತಲೆ ಸುಡ್ತದೆ.”

ತಲೆಯ ಮೇಲೆ ಒದ್ದೆ ಸೆರಗು ಹೊದ್ದು ಬಿಸಿಲಲ್ಲಿ ನಿಂತಿದ್ದ ಚಿಕ್ಕಮಾದಮ್ಮ ಕೋಲೆತ್ತಿದಳು. “ಏಳ್ಲಾ ಮ್ಯಾಕೆ! ನಾನೇ ಕೂರಂಗಿಲ್ಲ, ನೀನ್ಯಾವನ್ಲಾ?”

ಹಲಗೂರಿನ ಬಸ್ಸಿಗಾಗಿ ಬಿಸಿಲಲ್ಲಿ ಸಾಲಾಗಿ ನಿಂತಿದ್ದವರೆಲ್ಲ ಅದು ನ್ಯಾಯವೆಂದರು. ಬೋರಯ್ಯನಿಗೂ ಹಾಗೇ ತೋರಿತು. ಎದ್ದು ಬಂದು ಸಾಲಿನ ಕೊನೆಯಲ್ಲಿ ನಿಂತ.