ಕಾಲು ಕಾಣದ ಕೊಳ

ನಮ್ಮ ತಾಲ್ಲೂಕಿನಲ್ಲಿ ತಲೆಗೂದಲು ಹಸಿರಾಗಿರುವ ಅರವತ್ತೆಂಟರ ಗಂಡಸು ಒಬ್ಬರೇ ಇರುವುದು. ಅವರು ನಮ್ಮ ಭಾವ! ಬಣ್ಣ ಬಳಿದುಕೊಂಡಿದ್ದಲ್ಲ, ಸ್ವಯಾರ್ಜಿತ.

ಅವರ ಹೆಂಡತಿ, ಅಂದರೆ ನಮ್ಮ ಅಕ್ಕ, ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರ ಮೊಣಕಾಲು ಹಿಡಿದುಕೊಂಡಿತ್ತು. "ದಿನಾ ನೀರಲ್ಲಿ ನಡೆದರೆ ಒಳ್ಳೇದು" ಎಂದು ಅರಸೀಕೆರೆಯ ಡಾಕ್ಟರು ಬಾಯಿಮಾತಿಗೆ ಹೇಳಿದ್ದೇ ತಡ, ಕಣಕಟ್ಟೆಯ ತೋಟದಲ್ಲಿ ಈಜುಕೊಳವೇ ಹುಟ್ಟಿಕೊಂಡಿತು! ತಳಕ್ಕೆ ಟೈಲ್ಸ್ ಬೇಡವೆಂದು ಭಾವ ಹಳೇಬೀಡಿನ ಕಡೆಯ ಕಲ್ಲುಕೆಲಸದವರನ್ನು ಕರೆಸಿ ಒರಟು ಚಪ್ಪಡಿ ಹಾಸಿಸಿದರು.

"ಇದೇನ್ ಭಾವ, ನಡೆಯೋದಕ್ಕೋ, ಚಟ್ನಿ ಅರೆಯೋದಕ್ಕೋ?" ಎಂದೆ.

"ನಿನ್ನ ಅಡುಗೆಮನೆ ಬುದ್ಧಿ ಅಡುಗೆಮನೇಲೇ ಇರಲಿ ಕಣಮ್ಮ."

ಬೋರ್‌ವೆಲ್ ನೀರು ತುಂಬಿದಾಗ ಸ್ಫಟಿಕದಂತಿತ್ತು. ಭಾವ ಶುದ್ಧಿಗೆಂದು ಬ್ಲೀಚಿಂಗ್ ಪೌಡರ್ ಸುರಿದರು. ನಾವು ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಕೊಳದ ತುಂಬ ಟೀ, ಹಾಲು ಹಾಕದ್ದು! ಪಕ್ಕದ ತೋಟದವರು ಬೇಲಿಯಾಚೆಯಿಂದ ಇಣುಕಿ, "ಏನ್ ಯಜಮಾನ್ರೇ, ಆಲೆಮನೆ ಸುರು ಮಾಡ್ಬಿಟ್ರಾ? ಪಾಕ ಚೆನ್ನಾಗೈತೆ!" ಎಂದರು.

ನಮ್ಮ ಬೋರಿನ ನೀರಿನಲ್ಲಿ ಕಬ್ಬಿಣ ಕರಗಿ, ಕಣ್ಣಿಗೆ ಕಾಣದಂತೆ ಕುಳಿತಿರುತ್ತದೆ. ಬ್ಲೀಚಿಂಗ್ ಮುಟ್ಟಿಸಿದರೆ ತುಕ್ಕಾಗಿ ಹೊರಬರುತ್ತದೆ. ಬಿಳಿ ಪಂಚೆ ಒಗೆಯುವ ಯಾವ ಹೆಂಗಸಿಗೆ ಇದು ಗೊತ್ತಿಲ್ಲ? ಕೇಳಬೇಕಲ್ಲ!

ಅಕ್ಕ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತು ಹೇಳಿದ್ದು ಒಂದೇ ಮಾತು: "ನೋಡ್ರೀ, ನನ್ನ ಕಾಲು ನನಗೆ ಕಾಣೋ ತನಕ ನಾನು ಇಳಿಯಲ್ಲ. ಒಂದ್ಸಲ ಜಾರಿದ್ದು ಸಾಕು."

ಭಾವ ಸೋಲುವವರೇ? ತಾಮ್ರದಲ್ಲಿಟ್ಟ ನೀರು ಅಮೃತ ಎಂದು ಅಟ್ಟದ ಮೇಲಿನ ಹಂಡೆ, ಕೊಡ, ಚೊಂಬು, ಕೊನೆಗೆ ದೇವರಮನೆಯ ಉದ್ಧರಣೆಯನ್ನೂ ಬಿಡದೆ ಕೊಳಕ್ಕಿಳಿಸಿದರು. ತುಕ್ಕಿನ ಕಲೆ ಬಿಡಲೆಂದು ಒಂದು ಮೂಟೆ ನಿಂಬೆಹಣ್ಣು ಹಿಂಡಿಸಿದರು. ತಾಮ್ರದ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ಹೊಸ ಸೊಸೆಗೆ ಮೊದಲ ದಿನವೇ ಹೇಳುತ್ತಾರೆ. ಭಾವನಿಗೆ ಯಾರೂ ಹೇಳಿರಲಿಲ್ಲ! ತಾಮ್ರ ಕರಗಿತು, ಕೊಳ ಹಸಿರಾಯಿತು. ಅಕ್ಕನಿಗೆ ಧೈರ್ಯ ತುಂಬಲು ಅವರು ದಿನಾ ಅದರಲ್ಲೇ ಮುಳುಗೆದ್ದರು. ವಾರದೊಳಗೆ ಬೆಳ್ಳಗಿದ್ದ ತಲೆ ದೊಡ್ಡಪತ್ರೆ ಎಲೆಯ ಬಣ್ಣ!

"ಪಾಚಿ ಕಟ್ಟಿದೆ ರೀ ನಿಮಗೆ" ಎಂದರು ಅಕ್ಕ.

ಮರುದಿನ ಭಾವ ತಲೆಗೆ ಮಫ್ಲರ್ ಸುತ್ತಿಕೊಂಡು ನನ್ನ ಅಡುಗೆಮನೆಯ ಬಾಗಿಲಿಗೆ ಬಂದರು. "ನೀನೇ ಹೇಳಮ್ಮ, ಏನ್ ಮಾಡೋದು?"

ಕೊಳ ಬರಿದುಮಾಡಿ ಉಜ್ಜಿಸಿದೆ. ಬೋರಿನ ನೀರನ್ನು ಮೊದಲು ತೋಟದ ಸಿಮೆಂಟ್ ತೊಟ್ಟಿಗೆ ಬಿಟ್ಟು, ಬ್ಲೀಚಿಂಗು, ಪಟಿಕ ಹಾಕಿ, ಎರಡು ದಿನ ಮುಟ್ಟಗೊಡಲಿಲ್ಲ. ಗಂಟೆಗೊಮ್ಮೆ ಇಣುಕುತ್ತಿದ್ದ ಭಾವನನ್ನು "ಕಲಕಬೇಡಿ!" ಎಂದು ಗದರುವ ಸುಖವೇನು ಸಾಮಾನ್ಯವೇ? ತುಕ್ಕು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ನನ್ನ ಹಳೆಯ ಸೀರೆಯಲ್ಲಿ ಸೋಸಿ ಕೊಳಕ್ಕೆ ಬಿಟ್ಟೆವು. ಹೀಗೆ ಏಳು ತೊಟ್ಟಿ.

ಮೊನ್ನೆ ಬೆಳಿಗ್ಗೆ ಅಕ್ಕ ಭಾವನ ಕೈ ಹಿಡಿದು ಇಳಿದರು. ಸೊಂಟದವರೆಗೆ ನೀರು ಬಂದಾಗ ಬಗ್ಗಿ ನೋಡಿ, "ಕಾಣ್ತಿದೆ ಕಣೇ, ಹತ್ತೂ ಬೆರಳು!" ಎಂದು ನನಗೆ ಕೂಗಿದರು.

ನಾನೂ ಬಗ್ಗಿ ನೋಡಿದೆ. ಹತ್ತು ಬೆರಳುಗಳ ಕೆಳಗೆ, ಉಳಿಯ ಗೀರು ತುಂಬಿದ ಆ ಒರಟು ಕಲ್ಲು. ನಾನು ನೋಡಿ ನಕ್ಕಿದ್ದ ಕಲ್ಲು. ಪಾದ ಎಳ್ಳಷ್ಟೂ ಜಾರಲಿಲ್ಲ.

ಭಾವ ಹಸಿರು ತಲೆ ತಗ್ಗಿಸಿ, ಅಕ್ಕನ ಕಾಲನ್ನೇ ನೋಡುತ್ತ ಹಿಂದಹಿಂದಕ್ಕೆ ನಡೆಯುತ್ತಿದ್ದರು.

"ಇಡು, ಇನ್ನೊಂದ್ ಹೆಜ್ಜೆ ಇಡು. ಒಂದೊಂದು ಕಲ್ಲನ್ನೂ ನೀರು ಹುಯ್ದು, ಬರಿಗಾಲಲ್ಲಿ ತುಳಿದು ನೋಡಿದೀನಿ."